ಪುಣೆ ಪಾಲಿಕೆಗೆ ಮಾಜಿ ಸೈನಿಕರು ಮತ್ತೆ ನಿಲ್ಲುವಾಗ: ಬೆಳಗಾವಿ ಕಡೆಯಿಂದ ಉತ್ತರ

ಒಮ್ಮೆ ನಗರಸೇವಕರಾಗಿದ್ದ, ಅಂದರೆ ಪಾಲಿಕೆಯ ಸದಸ್ಯರಾಗಿದ್ದ, ನಮ್ಮ ಕಡೆಯ ನಿವೃತ್ತ ಸುಬೇದಾರರಿಗೆ ಪುಣೆಯಲ್ಲಿ ಮತ್ತೆ ಗೆಲ್ಲುವುದು ಕಷ್ಟವೇಕೆ, ಕನ್ನಡಿಗರೂ ಇದ್ದಾರೆ, ಮಿಲಿಟರಿಯವರೆಂಬ ಮರ್ಯಾದೆಯೂ ಇದೆಯಲ್ಲ ಎಂದು ಕೇಳಿದ್ದೀರಿ. ಮರ್ಯಾದೆ ಖಂಡಿತ ಇದೆ. ಆದರೆ ಎಷ್ಟೋ ಸಲ ಸೀಟು ಕೈತಪ್ಪುವುದು ಮತದಾನಕ್ಕೂ ಬಹಳ ಮೊದಲೇ, ಮೀಸಲಾತಿಯ ಚೀಟಿ ಎತ್ತುವಾಗ ಮತ್ತು ಮತದಾರರ ಪಟ್ಟಿ ಒಡೆಯುವಾಗ.

ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇರುವುದರಿಂದ ಖಾನಾಪುರ, ಹುಕ್ಕೇರಿ, ಚಿಕ್ಕೋಡಿ ಕಡೆಯ ಹುಡುಗರು ಪಲ್ಟಣ್ ಸೇರುವುದು ಹಳೆಯ ರೂಢಿ. ಕನ್ನಡ, ಮರಾಠಿ ಎರಡೂ ನಾಲಿಗೆಯ ಮೇಲಿರುತ್ತವೆ. ಪೆನ್ಶನ್ ಬಂದ ಮೇಲೆ ಕೆಲವರು ಮಕ್ಕಳ ಓದಿಗೆಂದು ಪುಣೆಯ ಧಾನೋರಿ, ವಿಶ್ರಾಂತವಾಡಿ ಕಡೆ ಮನೆ ಮಾಡುತ್ತಾರೆ. ಮನೆ ಕಂಟೋನ್ಮೆಂಟ್ ಬೋರ್ಡಿನ (ದಂಡು ಪ್ರದೇಶದ ಪ್ರತ್ಯೇಕ ಆಡಳಿತದ) ಹದ್ದಿನೊಳಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಅಲ್ಲಿಯವರ ಹೆಸರು ಪಾಲಿಕೆಯ ಮತದಾರರ ಪಟ್ಟಿಯಲ್ಲಿ ಬರುವುದಿಲ್ಲ, ಹೆಸರಿಲ್ಲದವರು ಉಮೇದುವಾರರಾಗುವಂತಿಲ್ಲ.

ಇನ್ನು ಸೀಟಿನ ಲೆಕ್ಕ. ಮುಂಬೈಯಲ್ಲಿ ವಾರ್ಡಿಗೊಬ್ಬರೇ ನಗರಸೇವಕರು, ಒಟ್ಟು 227. ಪುಣೆಯಲ್ಲಿ ಹಾಗಲ್ಲ. 2026ರ ಜನವರಿ 15ರ ಚುನಾವಣೆಯಲ್ಲಿ 41 ಪ್ರಭಾಗಗಳಿಗೆ, ಅಂದರೆ ಹಲವು ಸದಸ್ಯರ ವಾರ್ಡುಗಳಿಗೆ, 165 ಜನ. ಒಂದು ಪ್ರಭಾಗದಲ್ಲಿ ಐವರು, ಉಳಿದ ಎಲ್ಲದರಲ್ಲೂ ನಾಲ್ವರು. ಸೀಟುಗಳನ್ನು ಅ, ಬ, ಕ, ಡ ಎಂದು ಕರೆಯುತ್ತಾರೆ. ಅರ್ಧ ಸೀಟು ಮಹಿಳೆಯರಿಗೆ. ಉಳಿದ ಎರಡರಲ್ಲೂ ಸಾಮಾನ್ಯವಾಗಿ ಒಂದು ಹಿಂದುಳಿದ ವರ್ಗಕ್ಕೋ ಪರಿಶಿಷ್ಟ ಜಾತಿಗೋ ಹೋಗುತ್ತದೆ. ಹಾಗಾಗಿ ಪ್ರಭಾಗದ ದೊಡ್ಡ ಹೆಸರಿನ ಗಂಡಸರೆಲ್ಲ ಉಳಿದ ಒಂದೇ ಸಾಮಾನ್ಯ ಸೀಟಿಗೆ ಮುಗಿಬೀಳುತ್ತಾರೆ.

ಗಡಿಯಾಚೆಯವರಿಗೆ ಇಲ್ಲೊಂದು ದೊಡ್ಡ ತೊಡಕಿದೆ, ಇದನ್ನು ಮೊದಲೇ ತಿಳಿದುಕೊಂಡವರು ಕಡಿಮೆ. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲು ಸೀಟಿಗೆ ನಡೆಯುವುದಿಲ್ಲ. ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲು, ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕೆ ಮೊದಲು ಮನೆತನ ಮಹಾರಾಷ್ಟ್ರದಲ್ಲಿತ್ತು ಎಂಬ ದಾಖಲೆ ಬೇಕು. ಅಜ್ಜ ಹುಕ್ಕೇರಿಯಲ್ಲೇ ಇದ್ದರೆ ಆ ಕಾಗದ ಎಲ್ಲಿಂದ ತರುವುದು? ದೇಶದ ಯಾವ ಗಡಿಯಲ್ಲಾದರೂ ನಿಂತು ಬಂದಿರಲಿ, ಇಲ್ಲಿ ಅವರಿಗಿರುವುದು ಸಾಮಾನ್ಯ ಸೀಟೊಂದೇ. ಅದೂ ಇಲ್ಲದಿದ್ದರೆ ಮನೆಯಾಕೆಯನ್ನು ಸಾಮಾನ್ಯ ಮಹಿಳಾ ಸೀಟಿಗೆ ನಿಲ್ಲಿಸುತ್ತಾರೆ. ಇದು ಈಗ ಎಲ್ಲ ಪಕ್ಷಗಳಲ್ಲೂ ನಡೆಯುವ ದಾರಿ. ಗೆದ್ದ ಮೇಲೆ ಆಕೆ ತಾನೇ ಕೆಲಸ ನೋಡಿಕೊಂಡರೆ ಮಾತ್ರ ಅದಕ್ಕೆ ಅರ್ಥ.

ಕಾಗದಪತ್ರದಲ್ಲಿ ಎಡವುವ ಜಾಗಗಳು ಇನ್ನೂ ಇವೆ. 2001ರ ಸೆಪ್ಟೆಂಬರ್ 12ರ ನಂತರ ಮೂರನೆಯ ಮಗುವಾಗಿದ್ದರೆ ಅನರ್ಹತೆ. ಪಾಲಿಕೆಯ ತೆರಿಗೆ ಬಾಕಿ ಇಲ್ಲವೆಂಬ ದಾಖಲೆ ಬೇಕು. ಮಾಜಿ ಸೈನಿಕರೆಂದು ಒಂದು ಮನೆಗೆ ತೆರಿಗೆ ಮಾಫಿ ಸಿಕ್ಕಿರಬಹುದು, ಬಾಡಿಗೆಗೆ ಕೊಟ್ಟ ಅಂಗಡಿಯ ಬಾಕಿ ಅದರಲ್ಲಿ ಮುಚ್ಚಿಹೋಗುವುದಿಲ್ಲ. ಆಸ್ತಿಯ ಅಫಿಡವಿಟ್‌ನಲ್ಲಿ ಪೆನ್ಶನ್ ಜೊತೆಗೆ ಊರಿನ ಹೊಲವೂ ಬರಬೇಕು. ಅಣ್ಣತಮ್ಮಂದಿರ ಒಟ್ಟು ಹೆಸರಿನಲ್ಲಿರುವ ಹೊಲದ ಉತಾರ (ಪಹಣಿ) ತೆಗೆಸಿ ತಮ್ಮ ಪಾಲು ಬರೆಯಬೇಕು. ಇದನ್ನು ಬಿಟ್ಟರೆ ಎದುರಾಳಿಯ ವಕೀಲರಿಗೆ ನಾವೇ ದಾರಿ ತೋರಿಸಿದಂತೆ. ಇವರೇ ನಮ್ಮ ಅಧಿಕೃತ ಉಮೇದುವಾರರು ಎಂದು ಪಕ್ಷ ಕೊಡುವ ಎಬಿ ಫಾರ್ಮ್, ಅರ್ಜಿಯ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಕೈ ಸೇರದಿದ್ದರೆ ಪಕ್ಷದ ಚಿಹ್ನೆ ಇಲ್ಲ.

2017ರಲ್ಲಿ ಗೆದ್ದವರ ಅವಧಿ 2022ರ ಮಾರ್ಚ್‌ಗೆ ಮುಗಿದು, ಮುಂದಿನ ಚುನಾವಣೆವರೆಗೆ ಪ್ರಶಾಸಕರ (ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ) ಆಡಳಿತ ನಡೆಯಿತು. ಆ ಸುಮಾರು ನಾಲ್ಕು ವರ್ಷ ಮಾಜಿ ನಗರಸೇವಕರಿಗೆ ಮುಖ್ಯ ಸಭೆ ಇಲ್ಲ, ಬಜೆಟ್ಟಿನ ‘ಸ’ ಯಾದಿಯಲ್ಲಿ, ಅಂದರೆ ನಗರಸೇವಕರು ಸೂಚಿಸುವ ಕೆಲಸಗಳ ಪಟ್ಟಿಯಲ್ಲಿ, ಕೆಲಸ ಹಾಕಿಸುವ ಅಧಿಕಾರವೂ ಇಲ್ಲ. ಜನ ಮಾತ್ರ ಡ್ರೈನೇಜ್ ತುಂಬಿತು, ಟ್ಯಾಂಕರ್ ಬಂದಿಲ್ಲ ಎಂದು ಅವರ ಮನೆಗೇ ಬರುತ್ತಿದ್ದರು. ಪಲ್ಟಣ್‌ನಲ್ಲಿದ್ದವರು ಹುಕುಂ ಕೊಟ್ಟು ಕೆಲಸ ಮಾಡಿಸಿದವರು. ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯದಲ್ಲಿ (ವಾರ್ಡ್ ಕಚೇರಿಯಲ್ಲಿ) ಹುಕುಂ ನಡೆಯುವುದಿಲ್ಲ, ಅಲ್ಲಿ ನಡೆಯುವುದು ಆವಕ (ಸ್ವೀಕೃತಿ) ನಂಬರ್ ಬಿದ್ದ ಅರ್ಜಿ. ತಾರೀಖು, ಗಲ್ಲಿ, ಚೇಂಬರ್ ಎಲ್ಲಿದೆ, ಯಾವ ಇಂಜಿನಿಯರ್, ಮುಗಿದದ್ದು ಯಾವಾಗ ಎಂದು ರಜಿಸ್ಟರ್ ಇಟ್ಟವರಿಗೆ ಪ್ರಚಾರದಲ್ಲಿ ಬೇರೆ ಭಾಷಣವೇ ಬೇಕಿಲ್ಲ. ಮೇ ತಿಂಗಳಲ್ಲೇ ನಾಲಾ ಸಫಾಯಿಗೆ ಬೆನ್ನು ಹತ್ತಿದವರನ್ನು ಜುಲೈ ಮಳೆಯಲ್ಲಿ ಜನ ನೆನೆಯುತ್ತಾರೆ.

ಕನ್ನಡಿಗರ ಮತದ ವಿಷಯದಲ್ಲಿ ಆಸೆ ದೊಡ್ಡದು, ಪಟ್ಟಿ ಚಿಕ್ಕದು. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಎಷ್ಟೋ ಜನರ ಮತ ಇನ್ನೂ ಊರಲ್ಲೇ ಇದೆ. ಪಾಲಿಕೆ ಚುನಾವಣೆಗೆ ಬೇರೆ ನೋಂದಣಿ ಇಲ್ಲ. ವಿಧಾನಸಭೆಯ ಪಟ್ಟಿಯನ್ನೇ ಪ್ರಭಾಗವಾರು ಒಡೆಯುತ್ತಾರೆ. 2026ರ ಚುನಾವಣೆಗೆ 2025ರ ಜುಲೈ 1ರ ಪಟ್ಟಿ ಹಿಡಿದಿದ್ದರು, ಆಮೇಲೆ ಹೆಸರು ಹಾಕಿಸಿದವರಿಗೆ ಮತವಿರಲಿಲ್ಲ. ಊರಿನ ಹೆಸರನ್ನು ಫಾರ್ಮ್ 8 ತುಂಬಿ ಇಲ್ಲಿಗೆ ವರ್ಗ ಮಾಡಿಸುವುದು ವರ್ಷ ಮೊದಲೇ ಆಗಬೇಕಾದ ಕೆಲಸ. ಕರಡು ಪಟ್ಟಿ ಬಂದಾಗ ಬಿಲ್ಡಿಂಗ್ ಬಿಲ್ಡಿಂಗಾಗಿ ನೋಡಬೇಕು, ಇಡೀ ಸೊಸೈಟಿ ಪಕ್ಕದ ಪ್ರಭಾಗಕ್ಕೆ ಹಾರಿರುತ್ತದೆ. ಆಕ್ಷೇಪಣೆಯ ದಿನ ದಾಟಿದರೆ ಏನೂ ಮಾಡಲಾಗದು.

ನಾಲ್ವರ ಪ್ರಭಾಗದ ಮತಗಟ್ಟೆಯಲ್ಲಿ ಒಬ್ಬರು ನಾಲ್ಕು ಮತ ಹಾಕಬೇಕು, ಸೀಟಿಗೊಂದು. ನಾಲ್ಕೂ ಒತ್ತಿದ ಮೇಲೆಯೇ ಉದ್ದನೆಯ ಬೀಪ್ ಬರುತ್ತದೆ. ನಮ್ಮ ಹಿರಿಯರು ಗುರುತಿನವರಿಗೆ ಒಂದು ಒತ್ತಿ ಹೊರಡುತ್ತಾರೆ. ಬೇಡದ ಸೀಟಿಗೆ ನೋಟಾ ಒತ್ತಬೇಕು ಎಂದು ಮನೆಮನೆಗೆ ಹೋಗಿ, ಕನ್ನಡದಲ್ಲೇ, ನಮೂನೆಯ ಹಾಳೆ ಹಿಡಿದು ತೋರಿಸಬೇಕು.

ಸಮವಸ್ತ್ರದ ಫೋಟೊ ಬ್ಯಾನರ್‌ಗೆ ಬೇಡ. ಸೇನೆಯವರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಕೇಂದ್ರ ಚುನಾವಣಾ ಆಯೋಗ 2019ರ ಮಾರ್ಚ್‌ನಲ್ಲಿ ಮತ್ತೆ ಹೇಳಿದೆ. ಪಾಲಿಕೆಯ ಚುನಾವಣೆ ನಡೆಸುವುದು ರಾಜ್ಯ ಆಯೋಗವಾದರೂ ಪಲ್ಟಣ್‌ನ ಮಾನಕ್ಕಾಗಿ ಇದನ್ನು ಪಾಲಿಸಬೇಕು. ಹೆಸರಿನ ಮುಂದೆ ನಿವೃತ್ತ ಸುಬೇದಾರ್ ಎಂದು ಬರೆದರೆ ಸಾಕು.

ಪುಣೆಯಲ್ಲಿ ಖರ್ಚಿನ ಮಿತಿ 15 ಲಕ್ಷ. ದಿನದಿನದ ಲೆಕ್ಕ ಇಟ್ಟು, ಸೋಲಲಿ ಗೆಲ್ಲಲಿ, ಫಲಿತಾಂಶದಿಂದ 30 ದಿನದೊಳಗೆ ಒಪ್ಪಿಸಬೇಕು. ಸೋತವರೇ ಇದನ್ನು ಹೆಚ್ಚಾಗಿ ಮರೆಯುವುದು, ಅನರ್ಹತೆಯ ನೋಟಿಸ್ ಬರುವುದೂ ಅವರಿಗೇ.