ನಿಮ್ಮ ‘2ಡಿ–3ಡಿ’ ಲೇಖನದ ಬಗ್ಗೆ, ಸಂಪಾದಕರಿಂದ

ಮಾನ್ಯರೇ,

ದೃಶ್ಯ ಸಂವಹನದಲ್ಲಿ 2ಡಿ, 3ಡಿ ನೋಟಗಳ ವ್ಯತ್ಯಾಸ ಕುರಿತ ನಿಮ್ಮ ಲೇಖನ ಓದಿದೆವು. ಮನೆಯ ನಕ್ಷೆಯನ್ನೇ ಉದಾಹರಣೆಗೆ ಎತ್ತಿಕೊಂಡದ್ದು ಒಳ್ಳೆಯದಾಯಿತು. 30x40 ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟವರಿಗೆ ಇದು ನಿಜಕ್ಕೂ ಬೇಕಾದ ವಿಷಯ. ಭಾಷೆಯೂ ಸರಾಗವಾಗಿದೆ. ಆದರೆ ಈಗಿರುವಂತೆ ಪ್ರಕಟಿಸಲಾಗುವುದಿಲ್ಲ, ಏಕೆಂದರೆ ಮೂಲ ವಾದವೇ ತಪ್ಪಿದೆ. ‘2ಡಿ ಹಳೆಯದು, ಅಪೂರ್ಣ, 3ಡಿ ಹೊಸದು, ಪೂರ್ಣ’ ಎಂದು ಹಿಡಿದುಕೊಂಡು ಕೊನೆಯವರೆಗೂ ಅದನ್ನೇ ಸಾಧಿಸಲು ಹೋಗಿದ್ದೀರಿ.

ಕಾಗದದ ಮೇಲಿನ ಯಾವ ನೋಟವೂ ಒಂದನ್ನು ಬಿಟ್ಟುಕೊಟ್ಟೇ ಇನ್ನೊಂದನ್ನು ಉಳಿಸಿಕೊಳ್ಳುತ್ತದೆ. ಪ್ಲಾನು ಎತ್ತರವನ್ನು ಕೈಬಿಟ್ಟು ಉದ್ದ, ಅಗಲಗಳನ್ನು ನಿಜವಾದ ಅನುಪಾತದಲ್ಲಿ ಇಡುತ್ತದೆ. ಪರ್ಸ್ಪೆಕ್ಟಿವ್ ನೋಟದಲ್ಲಿ, ಅಂದರೆ ಕಣ್ಣಿಗೆ ಕಾಣುವಂತೆ ದೂರದ್ದನ್ನು ಚಿಕ್ಕದಾಗಿ ತೋರಿಸುವ 3ಡಿ ಚಿತ್ರದಲ್ಲಿ, ಮೂರೂ ಕಾಣುತ್ತವೆ, ಆದರೆ ಸ್ಕೇಲು ಇಟ್ಟು ಅಳೆಯಲು ಬರುವುದಿಲ್ಲ. ಒಂದೇ ಎತ್ತರದ ಎರಡು ಗೋಡೆಗಳಲ್ಲಿ ದೂರದ್ದು ಗಿಡ್ಡವಾಗಿರುತ್ತದೆ.

ನಿಮ್ಮದೇ ಎರಡನೇ ಚಿತ್ರ ನೋಡಿ. 10x10 ಅಡಿಯ ಮಲಗುವ ಕೋಣೆ, ನಡುವೆ 6 ಅಡಿ ಅಗಲದ ಮಂಚ, ಎರಡೂ ಬದಿಗೆ ಪುಟ್ಟ ಟೇಬಲ್, ಬಲಗೋಡೆಗೆ ವಾರ್ಡ್‌ರೋಬ್. ‘ಎಲ್ಲವೂ ಆರಾಮಾಗಿ ಹಿಡಿಸಿದೆ’ ಎಂದು ಕೆಳಗೆ ಬರೆದಿದ್ದೀರಿ. ಲೆಕ್ಕ ಹಾಕಿ. 10 ಅಡಿಯಲ್ಲಿ ಮಂಚಕ್ಕೆ 6 ಹೋದರೆ ಬದಿಗೆ ಉಳಿಯುವುದು ತಲಾ 2 ಅಡಿ. ವಾರ್ಡ್‌ರೋಬಿನ ಆಳವೇ 2 ಅಡಿ. ಅಂದರೆ ಅದು ಮಂಚಕ್ಕೆ ಅಂಟಿಕೊಳ್ಳುತ್ತದೆ, ಬಾಗಿಲು ತೆರೆಯುವುದೇ ಇಲ್ಲ. ಮಂಚವನ್ನು ಎಡಗೋಡೆಗೆ ಒತ್ತಿದರೂ ಸಿಗುವುದು 2 ಅಡಿ. ಒಂದೂವರೆ ಅಡಿಯ ಬಾಗಿಲು ತೆರೆದ ಮೇಲೆ ಮನುಷ್ಯ ನಿಲ್ಲಲು ಉಳಿಯುವುದು ಅರ್ಧ ಅಡಿ. ಪ್ಲಾನಿನಲ್ಲಿ ಬಾಗಿಲು ತಿರುಗುವ ಕಮಾನುಗೆರೆ ಎಳೆದೊಡನೆ ಇದು ಕಣ್ಣಿಗೆ ಬೀಳುತ್ತಿತ್ತು. 3ಡಿಯಲ್ಲಿ ಬೀಳಲಿಲ್ಲವೇಕೆ? ಇಂಥ ಚಿತ್ರ ಮಾಡುವಾಗ ಕ್ಯಾಮೆರಾವನ್ನು ಗೋಡೆಯ ಆಚೆಗೆ ಸರಿಸಿ, ಆ ಗೋಡೆಯನ್ನು ಮರೆಮಾಡಿ, ಅಗಲ ಕೋನದ ಲೆನ್ಸ್ ಹಾಕುತ್ತಾರೆ. ಕೋಣೆ ಹಿಗ್ಗಿದಂತೆ ಕಾಣುತ್ತದೆ. ಕೆಲವೊಮ್ಮೆ ಪೀಠೋಪಕರಣವನ್ನೇ ಕುಗ್ಗಿಸಿ ಕೂರಿಸಿರುತ್ತಾರೆ. 3ಡಿ ನೋಡಿ ಒಪ್ಪುವ ಮೊದಲು ಮಂಚದ ಅಳತೆ ಎಷ್ಟಿಟ್ಟಿದ್ದೀರಿ ಎಂದು ಕೇಳಬೇಕೆಂಬುದನ್ನು ಓದುಗರಿಗೆ ನೀವು ಹೇಳಲೇಬೇಕಿತ್ತು.

3ಡಿ ಗೆಲ್ಲುವ ಜಾಗವೂ ಇದೆ. ನಿಮ್ಮ ಪಕ್ಷಕ್ಕೆ ಬಲ ಕೊಡುವ ಅದನ್ನೇ ನೀವು ಬರೆದಿಲ್ಲ. ಅಡುಗೆಮನೆಯ ಸಿಂಕು ಕಿಟಕಿಯ ಕೆಳಗಿದೆ ಎನ್ನಿ. ಪ್ಲಾನಿನಲ್ಲಿ ನಲ್ಲಿ ಬರೀ ಚುಕ್ಕೆ. ಅದು ಕಿಟಕಿಯ ಕೆಳಅಂಚಿಗಿಂತ ಮೇಲೆ ಚಾಚಿದ್ದರೆ, ಒಳಕ್ಕೆ ತೆರೆಯುವ ಕಿಟಕಿಯ ಬಾಗಿಲು ನಲ್ಲಿಗೆ ಬಡಿಯುತ್ತದೆ. 3ಡಿಯಲ್ಲಿ ಅದು ತಕ್ಷಣ ಕಾಣುತ್ತದೆ. ಚಾವಣಿಯಿಂದ ಇಳಿಬಿದ್ದ ಬೀಮು, ಮೆಟ್ಟಿಲಿನಡಿ ತಲೆ ತಾಗುವ ಜಾಗ, ಅಟ್ಟದ ಎತ್ತರ ಇವೂ ಹಾಗೆಯೇ. ಆದರೆ ಮೇಸ್ತ್ರಿಗೆ ಅಳತೆ ಬೇಕಾದಾಗ ಇವಕ್ಕೂ ಸೆಕ್ಷನ್ ಚಿತ್ರವೇ, ಅಂದರೆ ಮನೆಯನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಬದಿಯಿಂದ ನೋಡಿದ ಚಿತ್ರವೇ ಬೇಕು, ಅದು ಮತ್ತೆ 2ಡಿ. ನಿಮ್ಮ ಲೇಖನದಲ್ಲಿ ಸೆಕ್ಷನ್ನಿನ ಹೆಸರೇ ಇಲ್ಲ.

ಪ್ಲಾನು ಎಂದರೆ ‘ಮನೆಯನ್ನು ಮೇಲಿನಿಂದ ನೋಡಿದ ಚಿತ್ರ’ ಎಂದಿದ್ದೀರಿ. ಮೇಲಿನಿಂದ ನೋಡಿದರೆ ಕಾಣುವುದು ತಾರಸಿ. ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕೊಯ್ದು, ಮೇಲ್ಭಾಗ ತೆಗೆದು, ಕೆಳಗೆ ನೋಡಿದರೆ ಸಿಗುವುದೇ ಪ್ಲಾನು. ಅದಕ್ಕೇ ಕಿಟಕಿ ಅದರಲ್ಲಿ ಬರುತ್ತದೆ. ಮೇಲಿರುವ ಸಜ್ಜಾ, ಅಟ್ಟಗಳನ್ನು ಚುಕ್ಕೆಗೆರೆಯಲ್ಲಿ ತೋರಿಸಬೇಕಾಗುತ್ತದೆ.

ಐಸೊಮೆಟ್ರಿಕ್ ಚಿತ್ರವನ್ನು ಪರ್ಸ್ಪೆಕ್ಟಿವ್ ಜೊತೆ ಕಲೆಸಿದ್ದೀರಿ. ಐಸೊಮೆಟ್ರಿಕ್‌ನಲ್ಲಿ ಗೆರೆಗಳು ದೂರದಲ್ಲಿ ಕೂಡುವುದಿಲ್ಲ, ಸಮಾಂತರವಾಗಿಯೇ ಸಾಗುತ್ತವೆ. ಎರಡು ಅಕ್ಷಗಳು ಅಡ್ಡಗೆರೆಗೆ 30 ಡಿಗ್ರಿಯಲ್ಲಿ, ಮೂರನೆಯದು ನೇರ ಮೇಲಕ್ಕೆ. ಈ ಮೂರರ ಉದ್ದಕ್ಕೂ ಒಂದೇ ಸ್ಕೇಲಿನಲ್ಲಿ ಅಳೆಯಬಹುದು. ಉಳಿದ ದಿಕ್ಕುಗಳಲ್ಲಿ ಅಳತೆ ಕೆಡುತ್ತದೆ. 10 ಅಡಿಯ ಚೌಕ ನೆಲದ ಎರಡೂ ಕರ್ಣಗಳು ನಿಜದಲ್ಲಿ 14.1 ಅಡಿ, ಐಸೊಮೆಟ್ರಿಕ್ ಚಿತ್ರದಲ್ಲಿ ಒಂದು 17.3, ಇನ್ನೊಂದು 10 ಬರುತ್ತದೆ. ‘ಅಳತೆಗೂ ಸೈ, ನೋಟಕ್ಕೂ ಸೈ’ ಎಂಬ ನಿಮ್ಮ ಮಾತಿಗೆ ಈ ತಿದ್ದುಪಡಿ ಬೇಕು.

ಗುಹಾಚಿತ್ರದಿಂದ ಶುರುವಾಗುವ ಇತಿಹಾಸ ತೆಗೆಯಿರಿ. ಅಲ್ಲಿ ಉಳಿಸಬೇಕಾದ ಒಂದು ಸಂಗತಿ ನಿಮ್ಮ ವಾದಕ್ಕೇ ಎದುರಾಗಿದೆ: ಪರ್ಸ್ಪೆಕ್ಟಿವ್ ನಿಯಮಗಳನ್ನು ಇಟಲಿಯ ಆಲ್ಬರ್ಟಿ 1435ರಲ್ಲೇ ಬರೆದಿಟ್ಟ, ಪ್ಲಾನು, ಎಲಿವೇಷನ್ (ಎದುರಿನಿಂದ ನೇರ ನೋಡಿದ ಚಿತ್ರ) ಇವನ್ನು ಜೋಡಿಸಿ ವಸ್ತುವಿನ ಆಕಾರ ನಿರ್ಧರಿಸುವ ರೇಖಾಗಣಿತವನ್ನು ಫ್ರಾನ್ಸಿನ ಗಾಸ್ಪಾರ್ ಮಾಂಜ್ ಪ್ಯಾರಿಸ್ಸಿನಲ್ಲಿ ಬಹಿರಂಗವಾಗಿ ಪಾಠ ಮಾಡಿದ್ದು ಅದಕ್ಕಿಂತ 360 ವರ್ಷ ತಡವಾಗಿ, 1795ರಲ್ಲಿ.

ಕೊನೆಯ ಪುಟದ 3ಡಿ ಪೈ ಚಾರ್ಟ್ ಕೈಬಿಡಿ. ವಾಲಿಸಿದ ಚಕ್ರದಲ್ಲಿ ಮುಂದಿನ ತುಂಡಿಗೆ ದಪ್ಪವೂ ಸೇರಿ ದೊಡ್ಡದಾಗಿ ಕಾಣುತ್ತದೆ, ಆ ದಪ್ಪಕ್ಕೆ ಯಾವ ಅಂಕಿಯ ಅರ್ಥವೂ ಇಲ್ಲ.

ತಿದ್ದಿ ಕಳಿಸುವಾಗ ಅದೇ ಕೋಣೆಯ ಪ್ಲಾನು, ಸೆಕ್ಷನ್, 3ಡಿ ಮೂರನ್ನೂ ಅಕ್ಕಪಕ್ಕ ಕೊಡಿ. ವಾರ್ಡ್‌ರೋಬ್ ಎಲ್ಲಿ ಇಟ್ಟರೆ ಬಾಗಿಲು ತೆರೆಯುತ್ತದೆ ಎಂದು ಪ್ಲಾನಿನಲ್ಲೇ ತೋರಿಸಿ. ಚಿತ್ರದ ಕೆಳಗೆ 1:50 (ಚಿತ್ರದ 1 ಅಂಗುಲಕ್ಕೆ ನಿಜದ 50 ಅಂಗುಲ) ಎಂದಷ್ಟೇ ಬರೆದರೆ ಸಾಲದು. ಪುಟಕ್ಕೆ ಹೊಂದಿಸಲು ನಾವು ಚಿತ್ರ ಕುಗ್ಗಿಸಿದೊಡನೆ ಆ ಅನುಪಾತ ಸುಳ್ಳಾಗುತ್ತದೆ. 0, 5, 10 ಅಡಿ ಗುರುತಿರುವ ಅಳತೆಪಟ್ಟಿಯನ್ನು ಚಿತ್ರದೊಳಗೇ ಎಳೆಯಿರಿ, ಚಿತ್ರದೊಂದಿಗೆ ಅದೂ ಕುಗ್ಗುತ್ತದೆ.