ಆಸ್ಪತ್ರೆ ಬೆಂಚಿನಲ್ಲಿ ಪರಿಚಯವಾದವರು ಗುಂಪು ಕಟ್ಟಬಹುದೇ?

ಪ್ರಶ್ನೆ: ಮಗನಿಗೆ 21 ವರ್ಷ. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ಎಂಟು ತಿಂಗಳಿಂದ ಮಾತ್ರೆ ನಡೀತಿದೆ. ಆಸ್ಪತ್ರೆಯಲ್ಲಿ ಪರಿಚಯವಾದ ಐದು ಮನೆಯವರು ತಿಂಗಳಿಗೊಮ್ಮೆ ಕೂತು ಮಾತಾಡಬೇಕು ಅಂದುಕೊಂಡಿದ್ದೇವೆ. ‘ಊರಿಗೆಲ್ಲ ಗೊತ್ತಾಗುತ್ತೆ’ ಅಂತ ನಮ್ಮ ಮನೆಯವರು ಬೈತಾರೆ. ಹೇಗೆ ನಡೆಸೋದು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಶುರು ಮಾಡೋಕೆ ಐದು ಮನೆ ಸಾಕಮ್ಮ. ಹತ್ತು ಜನ ದಾಟಿದರೆ ಒಂದೂವರೆ ಗಂಟೆಯಲ್ಲಿ ಎಲ್ಲರ ಸರದಿ ಮುಗಿಯುವುದಿಲ್ಲ, ಸರದಿ ಸಿಗದವರು ಮುಂದಿನ ತಿಂಗಳು ತಪ್ಪಿಸಿಕೊಳ್ಳುತ್ತಾರೆ. ತಪಾಸಣೆಯ ದಿನವೇ ಸೇರಿ. ಹರಿಹರ, ಜಗಳೂರಿನಿಂದ ಬರುವವರಿಗೆ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಉಳಿಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನು ಒಂದು ಕೊಠಡಿ ಕೇಳಿ ನೋಡಿ. ಕುಂದವಾಡ ಕೆರೆಯ ದಂಡೆ ಬೇಡ, ವಾಕಿಂಗ್‌ಗೆ ಬಂದ ನೆಂಟರೇ ಎದುರಾಗುತ್ತಾರೆ!

ಊರಿನ ಮಾತು ಆಮೇಲೆ. ಮೊದಲು ಮಗನಿಗೆ ಹೇಳಿ, ಒಪ್ಪಿಗೆ ಕೇಳಿ. ‘ನಿನ್ನ ಕಥೆ ಹೇಳೋಕಲ್ಲ, ನನಗೆ ಸುಸ್ತಾಗಿದೆ, ಅದನ್ನ ಹೇಳ್ಕೊಳ್ಳೋಕೆ ಹೋಗ್ತೀನಿ’ ಅಂದರೆ ಸಾಕು. ಗುಂಪಿನಲ್ಲಿ ಮಕ್ಕಳ ಹೆಸರು, ಕಾಲೇಜು ಬೇಡ. ವಾಟ್ಸ್ಆ್ಯಪ್ ದಿನ, ಸಮಯ ತಿಳಿಸಲು ಮಾತ್ರ. ವೈದ್ಯರ ಚೀಟಿಯ ಫೋಟೊ ಒಮ್ಮೆ ಹಾಕಿದರೆ ಅದು ಎಲ್ಲಿಗೆ ಹೋಯಿತೋ ಹೇಳಲಾಗದು.

ಒಬ್ಬೊಬ್ಬರಿಗೂ ಏಳೆಂಟು ನಿಮಿಷ. ಗಡಿಯಾರ ನೋಡಲು ಒಬ್ಬರಿರಲಿ, ಪ್ರತಿ ತಿಂಗಳು ಬೇರೆಯವರು.

ಇಂಥ ಗುಂಪುಗಳು ಹೆಚ್ಚಾಗಿ ಎಡವುವುದು ಮಾತ್ರೆಯ ವಿಷಯದಲ್ಲಿ. ‘ನಮ್ಮ ಹುಡುಗನಿಗೆ ಆ ಮಾತ್ರೆ ಹಿಡಿಸ್ತು, ನೀವೂ ಕೇಳಿ’ ಎಂದು ಶುರುವಾಗಿ, ಡೋಸು ತಾವೇ ಅರ್ಧ ಮಾಡುವವರೆಗೆ ಹೋಗುತ್ತದೆ. ರೋಗದ ಹೆಸರು ಒಂದೇ ಆದರೂ ಮಾತ್ರೆ, ಪ್ರಮಾಣ ಒಂದೇ ಅಲ್ಲ. ಇದೇ ಕಾಯಿಲೆಗೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆ ತಗೊಳ್ಳುವವರಿಗೆ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು. ಬೇರೆ ಮಾತ್ರೆಗಳಿಗೆ ಆ ಲೆಕ್ಕವಿಲ್ಲ. ಮಾತ್ರೆಯ ಹೆಸರು ಬಿಟ್ಟು, ತೊಂದರೆ ಮಾತಾಡಿ. ಮಗ ಮಾತ್ರೆಯನ್ನು ದಿಂಬಿನಡಿ ಬಚ್ಚಿಡುತ್ತಾನೆ ಎಂದು ಒಬ್ಬರು ಹೇಳಿದರೆ, ‘ಯಾಕೆ ಬೇಡ ಅಂತ ಅವನನ್ನೇ ಕೇಳಿದ್ರಾ?’ ಎನ್ನಿ. ಬೆಳಿಗ್ಗೆ ಏಳಲಾಗದ ಮಂಪರು, ಕೈನಡುಕ, ಏರುತ್ತಿರುವ ತೂಕ, ಏನೋ ಒಂದು ಹೊರಬರುತ್ತದೆ. ಅದನ್ನು ಬರೆದುಕೊಂಡು ಹೋದರೆ ವೈದ್ಯರು ಮಾತ್ರೆಯ ಹೊತ್ತು ಬದಲಿಸಬಹುದು, ತಿಂಗಳಿಗೊಂದು ಇಂಜೆಕ್ಷನ್ನಿಗೆ ಬದಲಿಸುವ ಮಾತೂ ಬರಬಹುದು. ಸಾರಿನಲ್ಲಿ ಕದ್ದು ಬೆರೆಸಬೇಡಿ. ಗೊತ್ತಾದ ದಿನದಿಂದ ಅವನು ಮನೆಯ ಊಟವನ್ನೇ ಬಿಡುತ್ತಾನೆ.

‘ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಎಂಬ ಸಲಹೆ ಬಂದೇ ಬರುತ್ತದೆ. ಅದನ್ನು ಅಲ್ಲೇ ನಿಲ್ಲಿಸಿ.

ಮಗ ‘ಬದುಕೋದು ಬೇಡ’ ಎಂದರೆ ಗುಂಪಿನ ದಿನಕ್ಕೆ ಕಾಯಬಾರದು. ಆವತ್ತೇ ವೈದ್ಯರ ಹತ್ತಿರ ಹೋಗಿ. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬನೇ ಇರಲು ಬಿಡಬೇಡಿ. ಮಾತ್ರೆ ಬೀಗದೊಳಗಿರಲಿ, ಮೆಕ್ಕೆಜೋಳಕ್ಕೆ ತಂದ ಔಷಧಿ ಡಬ್ಬಿ ಮನೆಯಲ್ಲಿದ್ದರೆ ಆ ರಾತ್ರಿಯೇ ಬೇರೆಯವರ ಮನೆಗೆ ಸಾಗಿಸಿ.