ಪಂದಿಯೋ, ಹಂದಿಯೋ?

ಪ್ರಶ್ನೆ: ನನ್ನ ತವರು ಮೈಸೂರು. ಮದುವೆಯಾಗಿ ವಿರಾಜಪೇಟೆಗೆ ಬಂದೆ. ನಾನು ಹಂದಿ, ಹಾಲು ಅಂದರೆ ಮನೆಯಲ್ಲಿ ಪಂದಿ, ಪಾಲ್ ಅಂತಾರೆ. ಹುತ್ತರಿ ಇಲ್ಲಿ ಪುತ್ತರಿ. ಕನ್ನಡದ ಪದಗಳು ಇಲ್ಲಿ ಹೀಗೆ ಕೆಟ್ಟಿದ್ದು ಯಾಕೆ? ಮಾವನನ್ನು ಕೇಳಿದರೆ ನಗುತ್ತಾರೆ.
— ಒಬ್ಬ ಸೊಸೆ, ವಿರಾಜಪೇಟೆ

ಉತ್ತರ: ನಗಲಿ ಬಿಡಮ್ಮ, ಅವರು ನಗಬೇಕಾದ್ದೇ. ಬದಲಾದದ್ದು ನಮ್ಮ ಕನ್ನಡ. ಕೊಡಗಿನ ಕೊಡವರ ಭಾಷೆ ಕೊಡವ ತಕ್ಕ್ ಹಳೆಯ ಪಕಾರವನ್ನು ಹಾಗೇ ಉಳಿಸಿಕೊಂಡಿದೆ.

ನಾನೂ ಬಯಲುಸೀಮೆಯಿಂದ ಬಂದ ಮೇಷ್ಟ್ರು. ಗೋಣಿಕೊಪ್ಪದ ಹತ್ತಿರ ಒಂದು ಶಾಲೆಯಲ್ಲಿ ಮೊದಲ ಮಳೆಗಾಲ. ಹುಡುಗನೊಬ್ಬ 'ಅವ್ವ ಪಾಲು ಕೊಟ್ಟಳು' ಅಂತ ಬರೆದಿದ್ದ. "ಆಸ್ತಿ ಪಾಲಾಯಿತೇನೋ?" ಅಂದು ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಯಾರೂ ನಗಲಿಲ್ಲ. ರಾತ್ರಿ ಹಳಗನ್ನಡ ಪಾಠ ತೆಗೆದರೆ ಪಾಲ್, ಪುಲಿ, ಪೂ! ಆ ಗೀಟು ಇವತ್ತಿಗೂ ಚುಚ್ಚುತ್ತದೆ.

ಪಕ್ಕದ ಹಾಸನ ಜಿಲ್ಲೆಯ ಹಲ್ಮಿಡಿಯನ್ನೇ ನೋಡಿ. 5ನೇ ಶತಮಾನದ ಶಾಸನದಲ್ಲಿ ಆ ಊರಿನ ಹೆಸರು ಪಕಾರದಿಂದ ಶುರುವಾಗುತ್ತದೆ. ಸುಮಾರು 10ನೇ ಶತಮಾನದಿಂದ ಪದದ ಮೊದಲ ಪ ಸಡಿಲವಾಯಿತು. ತುಟಿ ಮುಚ್ಚಿ ಬಿಟ್ಟರೆ ಪ. ಮುಚ್ಚದೆ ಸುಮ್ನೆ ಉಸಿರು ಬಿಟ್ಟರೆ ಹ. ತುಳುವಿನಲ್ಲಿ ಪಂಜಿ, ಮಲಯಾಳದಲ್ಲಿ ಪನ್ನಿ, ತೆಲುಗಿನಲ್ಲೂ ಪಂದಿಯೇ. ಇವರ ನಡುವೆ ಹಂದಿ ಅನ್ನುವವರು ನಾವು.

ಆದರೆ ಕನ್ನಡದಲ್ಲಿ ಪ ಪೂರ್ತಿ ಹೋಗಿಲ್ಲ. ಉಪ್ಪು, ತುಪ್ಪ, ಅಪ್ಪ ಅಂತೀವಲ್ವಾ? ಜೋಡಿ ಪ ಗಟ್ಟಿ. ಹತ್ತರಿಂದ ಎಣಿಸಿ: ಹತ್ತು, ಇಪ್ಪತ್ತು. ಹಳೆಯ 'ಪತ್ತು' ಇಪ್ಪತ್ತರಲ್ಲಿ ಹಾಗೇ ಕೂತಿದೆ. ನಲವತ್ತರಲ್ಲಿ ಅದು ವ ಆಗಿದೆ, ಎಂಬತ್ತರಲ್ಲಿ ಬ. ಮಗ್ಗಿ ಕಲಿಯುವ ಮಕ್ಕಳ ಬಾಯಲ್ಲೇ ಇಷ್ಟು ಚರಿತ್ರೆ ಇದೆ.

ಜಪಾನಿನಲ್ಲೂ ಇದೇ ಕತೆ. ಅವರ ಹಳೆಯ ಪ ಕೂಡ ಹ ಆಯಿತು, ಜೋಡಿ ಪ ಮಾತ್ರ ಉಳಿಯಿತು. ಅದಕ್ಕೇ ಅವರ ದೇಶಕ್ಕೆ ನಿಹೊನ್, ನಿಪ್ಪೊನ್ ಅಂತ ಎರಡು ಹೆಸರು. ಲ್ಯಾಟಿನ್‌ನಲ್ಲಿ ಅಪ್ಪ 'ಪಾತೆರ್', ಅದೇ ಮೂಲದ ಆರ್ಮೇನಿಯನ್ ಪದ 'ಹಾಯ್ರ್'.

ಒಂದು ಎಚ್ಚರಿಕೆ. ಹ ತೆಗೆದು ಪ ಹಾಕಿದರೆ ಕೊಡವ ತಕ್ಕ್ ಬಂದುಬಿಡುವುದಿಲ್ಲ. ಇಲ್ಲಿ ಹುಲಿಗೆ 'ನರಿ' ಅನ್ನುತ್ತಾರೆ. ಹಿಂದೆ ಹುಲಿ ಹೊಡೆದವನಿಗೆ ಮದುವೆಯಂತೆ ಮಾಡುತ್ತಿದ್ದ ಸನ್ಮಾನಕ್ಕೆ 'ನರಿ ಮಂಗಲ' ಅಂತಲೇ ಹೆಸರು. ತೋಟಕ್ಕೆ ನರಿ ಬಂದಿದೆ ಅಂತ ನಿಮ್ಮ ಮಾವ ಹೇಳಿದರೆ, ನೋಡೋಕೆ ಹೋಗದೆ ಬಾಗಿಲು ಹಾಕಿಕೊಳ್ಳಿ.